ಹಳೆಯ ಮೋಡೆಮ್ ಕಾರ್ಡಿನ ಗುರುತಿಸುವಿಕೆ: ಸಮೀಪಕಾಲದ ಇತಿಹಾಸದ ಒಂದು ಆಕರ

ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾದಲಿಯ ಪರಿಸರದ ಶಾಸನಗಳನ್ನು ಅಭ್ಯಸಿಸಬಯಸುವವರು ಇಂದಿಗೂ ಕೋಲಾರದ ಸಂಪುಟವನ್ನೇ ತೆರೆಯಬೇಕು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಶಾಸನಗಳು ಸೇರಿವೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಊರು ಇದ್ದಲ್ಲಿಯೇ ಇದ್ದರೂ ಅದರ ಆಡಳಿತದ ವಿಳಾಸ ಬದಲಾಗಿದೆ. ಹಾಗಿದ್ದರೂ ಒಂದು ಶತಮಾನದ ಹಿಂದೆ ಓದಿದ ಕಲ್ಲನ್ನು ಇಂದು ಹುಡುಕಿಕೊಂಡು ಹೋಗಲು ಸಾಧ್ಯವಾಗಿರುವುದು ಪಾಠದೊಡನೆ ಅದು ದೊರೆತ ಊರನ್ನೂ ಸಂಪುಟದಲ್ಲಿ ದಾಖಲಿಸಿರುವುದರಿಂದ.

ಕಲ್ಲಿಗೂ ತಾಮ್ರಪಟಕ್ಕೂ ದೊರೆತಿರುವ ಈ ಎಚ್ಚರ ಸಮೀಪಕಾಲದ ಯಂತ್ರಾವಶೇಷಗಳಿಗೆ ದೊರೆತಿಲ್ಲ. ಕ್ರಿ.ಶ. 1975ರಿಂದ 1995ರವರೆಗಿನ ಎರಡು ದಶಕಗಳಲ್ಲಿ ಗಣಕಯಂತ್ರವು ಮನೆಯ ಮೇಜಿನ ಮೇಲೆ ಬಂದು ಕುಳಿತಿತು. ಕೆಲವೆಡೆ ದೂರವಾಣಿ ತಂತಿಯ ಮೂಲಕ ಮತ್ತೊಂದು ಗಣಕದೊಡನೆ ಮಾತನಾಡತೊಡಗಿತು. ಈ ಬದಲಾವಣೆಗೆ ನೇರ ಸಾಕ್ಷಿಯಾದ ವಸ್ತು ಮೋಡೆಮ್ ಕಾರ್ಡು. ಅಂಗೈಯಗಲದ ಈ ಹಸಿರು ಫಲಕದ ಮೇಲೆ ಬಹುಮಟ್ಟಿಗೆ ಹೆಸರಿರುವುದಿಲ್ಲ. ಇದ್ದರೂ ಅದು ತಯಾರಕರದೋ, ಮಾರಾಟಗಾರರದೋ, ಚಿಪ್ಪಿನದೋ ಎಂಬುದು ಸ್ಪಷ್ಟವಾಗುವುದಿಲ್ಲ. ಇಂತಹ ಕಾರ್ಡನ್ನು ಗುರುತಿಸುವ ಕ್ರಮವನ್ನೂ, ಆ ಕ್ರಮದಿಂದ ಕರ್ನಾಟಕದ ಸಂಪರ್ಕ ಇತಿಹಾಸಕ್ಕೆ ಒದಗಬಹುದಾದ ಪ್ರಮಾಣಗಳನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹಿನ್ನೆಲೆ

ಗಣಕದ ಸಂಕೇತಗಳನ್ನು ಧ್ವನಿಯಾಗಿಯೂ, ಧ್ವನಿಯನ್ನು ಮರಳಿ ಸಂಕೇತವಾಗಿಯೂ ಮಾರ್ಪಡಿಸುವ ಉಪಕರಣವೇ ಮೋಡೆಮ್. ದೂರವಾಣಿ ಜಾಲವನ್ನು ಮನುಷ್ಯನ ಮಾತಿಗಾಗಿ ರೂಪಿಸಲಾಗಿತ್ತು. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಅದರಲ್ಲಿ ಸರಿಯಾಗಿ ಸಾಗುತ್ತಿತ್ತು. ಆದುದರಿಂದ ಗಣಕವು ತಂತಿಯ ಮೇಲೆ ಮಾತನಾಡಬೇಕಾದರೆ ಈ ಮಿತಿಯೊಳಗೆ ಎರಡು ಸ್ವರಗಳನ್ನು ಆರಿಸಿಕೊಂಡು ಒಂದನ್ನು ‘1’ ಎಂದೂ ಇನ್ನೊಂದನ್ನು ‘0’ ಎಂದೂ ನುಡಿಸಬೇಕಾಗಿತ್ತು. ಅಮೆರಿಕದ ಬೆಲ್ ಸಂಸ್ಥೆಯು 1962ರಲ್ಲಿ ಹೊರತಂದ 103 ಮಾದರಿಯು ಸೆಕೆಂಡಿಗೆ 300 ಬಿಟ್‌ಗಳನ್ನು, ಎಂದರೆ ಸುಮಾರು 30 ಅಕ್ಷರಗಳನ್ನು, ಈ ವಿಧಾನದಲ್ಲಿಯೇ ಸಾಗಿಸುತ್ತಿತ್ತು.

ಕರ್ನಾಟಕದಲ್ಲಿ ದೂರವಾಣಿ ಉದ್ಯಮಕ್ಕೆ ದೀರ್ಘ ಚರಿತ್ರೆಯಿದೆ. ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಸ್ಥಾಪನೆಯಾಯಿತು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆಯು ಗ್ರಾಮೀಣ ಪ್ರದೇಶಕ್ಕೆಂದು ರೂಪಿಸಿದ 128 ದ್ವಾರಗಳ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊದಲಿಗೆ ಸ್ಥಾಪಿಸಲಾಯಿತು. ಹವಾನಿಯಂತ್ರಣವಿಲ್ಲದೆ ಕೆಲಸಮಾಡಬಲ್ಲ ಈ ಕೇಂದ್ರಗಳು ಹಳ್ಳಿಗಳ ದೂರವಾಣಿಯ ಸ್ವರೂಪವನ್ನೇ ಬದಲಾಯಿಸಿದವು. ಅದೇ ವರ್ಷ ಆರಂಭವಾದ ಅರ್ನೆಟ್ ಯೋಜನೆಯ ಎಂಟು ಮೂಲ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆ ಜಾಲದ ಆರಂಭದ ಮಿಂಚಂಚೆ ಸಾಗಿದ್ದು ಡಯಲ್ ಮಾಡಿ ಸ್ಥಾಪಿಸಿದ ದೂರವಾಣಿ ಸಂಪರ್ಕದ ಮೂಲಕ. ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಮನೆಯ ಗಣಕಗಳ ಮಾತು ಬೇರೆ. ಕೇಂದ್ರ ಸರ್ಕಾರವು 1984-85ರಲ್ಲಿ ಆರಂಭಿಸಿದ ‘ಕ್ಲಾಸ್’ ಯೋಜನೆಯಡಿ ದೇಶದ 250 ಶಾಲೆಗಳು ಮೊದಲ ಹಂತದಲ್ಲಿ ಬಿಬಿಸಿ ಮೈಕ್ರೊ ಗಣಕಗಳನ್ನು ಪಡೆದವು. ಬ್ರಿಟನ್ನಿನ ಏಕಾರ್ನ್ ಸಂಸ್ಥೆ 1981ರಲ್ಲಿ ರೂಪಿಸಿದ ಯಂತ್ರವಿದು. ಇದಕ್ಕೆ ಹೊರತಾಗಿ ಆಪಲ್ 2 ಮುಂತಾದ ಯಂತ್ರಗಳೂ ಅವುಗಳ ಅನುಕರಣೆಗಳೂ ವ್ಯಕ್ತಿಗಳ ಕೈಯಲ್ಲಿದ್ದವು. ಸಂಸ್ಥೆಗಳ ಖರೀದಿಗೆ ಕಡತವಿರುತ್ತದೆ. ವ್ಯಕ್ತಿಗಳ ಖರೀದಿಗೆ ಕಡತವಿರುವುದಿಲ್ಲ. ಆದುದರಿಂದಲೇ ಈ ಎರಡನೆಯ ಬಗೆಯ ಗಣಕಗಳ ವಿಷಯದಲ್ಲಿ ವಸ್ತುವೇ ಪ್ರಧಾನ ಆಕರವಾಗುತ್ತದೆ.

ಯಾವ ಗಣಕಕ್ಕೆ ಸೇರಿದ್ದು?

ಕಾರ್ಡು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದರ ಮೇಲಿನ ಹೆಸರನ್ನಲ್ಲ, ಅಂಚನ್ನು. ಗಣಕದ ಗೂಡಿನೊಳಗೆ ಸೇರುವ ಅಂಚಿನಲ್ಲಿ ಚಿನ್ನದ ಲೇಪವಿರುವ ಸಂಪರ್ಕಪಟ್ಟಿಗಳು ಸಾಲಾಗಿರುತ್ತವೆ. ಇವುಗಳ ಸಂಖ್ಯೆಯು ಯಂತ್ರದಿಂದ ಯಂತ್ರಕ್ಕೆ ಬೇರೆ. ಒಂದೊಂದು ಬದಿಗೆ 25ರಂತೆ ಒಟ್ಟು 50 ಇದ್ದರೆ ಅದು 1977ರಲ್ಲಿ ಬಂದ ಆಪಲ್ 2 ಕುಟುಂಬದ್ದು. 31ರಂತೆ 62 ಇದ್ದರೆ 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನದು ಅಥವಾ ಅದರ ಅನುಸರಣೆಯದು. 50ರಂತೆ 100 ಇದ್ದರೆ ಅದಕ್ಕಿಂತ ಹಿಂದಿನ ಎಸ್-100 ಪದ್ಧತಿಯದು. ಕಮೊಡೋರ್ 64ರ ಬಳಕೆದಾರ ದ್ವಾರಕ್ಕೆ ಹೊಂದುವ ಅಂಚಿನಲ್ಲಿ ಬದಿಗೆ 12ರಂತೆ 24 ಸಂಪರ್ಕಗಳಿರುತ್ತವೆ. ಬಿಬಿಸಿ ಮೈಕ್ರೊ ಯಂತ್ರಕ್ಕೆ ಮೋಡೆಮ್ ಸಾಮಾನ್ಯವಾಗಿ ಒಳಗಿನ ಕಾರ್ಡಾಗಿರದೆ ಹೊರಗಿನ ಪೆಟ್ಟಿಗೆಯಾಗಿರುತ್ತಿತ್ತು. ಪಟ್ಟಿಗಳನ್ನು ಎಣಿಸುವ ಈ ಸರಳ ಕ್ರಮದಿಂದ ಅನೇಕ ತಪ್ಪು ಊಹೆಗಳು ಆರಂಭದಲ್ಲಿಯೇ ನಿವಾರಣೆಯಾಗುತ್ತವೆ.

ಮೋಡೆಮ್ ಹೌದೆ?

ಎರಡನೆಯ ಪ್ರಶ್ನೆ ಅದು ನಿಜವಾಗಿ ಮೋಡೆಮ್ ಹೌದೆ ಎಂಬುದು. ಮುದ್ರಕವನ್ನು ಜೋಡಿಸುವ ಸೀರಿಯಲ್ ಕಾರ್ಡಿಗೂ ಮೋಡೆಮ್ ಕಾರ್ಡಿಗೂ ಮೇಲ್ನೋಟದ ಸಾಮ್ಯವಿದೆ. ಎರಡರಲ್ಲಿಯೂ ಸಂಕೇತಗಳನ್ನು ಸಾಲಾಗಿ ಕಳುಹಿಸುವ 6850 ಅಥವಾ 6551ರಂತಹ ಚಿಪ್ ಇರಬಹುದು. ಆದರೆ ದೂರವಾಣಿ ತಂತಿಗೆ ಜೋಡಿಸಬೇಕಾದ ಫಲಕದಲ್ಲಿ ತಂತಿಯನ್ನೂ ಗಣಕವನ್ನೂ ವಿದ್ಯುತ್ತಿನ ದೃಷ್ಟಿಯಿಂದ ಬೇರ್ಪಡಿಸುವ ಸಣ್ಣ ಟ್ರಾನ್ಸ್‌ಫಾರ್ಮರ್, ಕರೆಯನ್ನು ಎತ್ತಿಕೊಳ್ಳುವ ರಿಲೇ, ಗಂಟೆಯ ವಿದ್ಯುತ್ತನ್ನು ಗುರುತಿಸುವ ಬಿಡಿಭಾಗಗಳು ಇರುತ್ತವೆ. ಇವು ಮೂರೂ ಇರುವ ಫಲಕವನ್ನು ಮೋಡೆಮ್ ಎಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಈ ನಿಯಮಕ್ಕೂ ಒಂದು ಮುಖ್ಯ ಅಪವಾದವಿದೆ. ಅಮೆರಿಕದ ಡಿ.ಸಿ. ಹೇಸ್ ಸಂಸ್ಥೆಯು 1979ರಲ್ಲಿ ಆಪಲ್ 2 ಗಣಕಕ್ಕೆಂದು ಹೊರತಂದ ಮೈಕ್ರೊಮೋಡೆಮ್ 2 ಎರಡು ಭಾಗಗಳಲ್ಲಿತ್ತು. ಒಂದು ಭಾಗ ಗಣಕದೊಳಗಿನ ಕಾರ್ಡು; ಮತ್ತೊಂದು ಚಪ್ಪಟೆ ಕೇಬಲ್ಲಿನಿಂದ ಅದಕ್ಕೆ ಸೇರುವ, ಮೈಕ್ರೊಕಪ್ಲರ್ ಎಂಬ ಹೊರಪೆಟ್ಟಿಗೆ. ದೂರವಾಣಿ ತಂತಿ ಬಂದು ಸೇರುತ್ತಿದ್ದುದು ಈ ಪೆಟ್ಟಿಗೆಗೆ. ತಂತಿಗೆ ನೇರವಾಗಿ ತಾಗುವ ಭಾಗವನ್ನು ಸರ್ಕಾರಿ ನೋಂದಣಿಗೆ ಒಳಪಡಿಸಬೇಕಾಗಿದ್ದುದರಿಂದ ಅದನ್ನು ಪ್ರತ್ಯೇಕವಾಗಿಡುವುದು ಅನುಕೂಲಕರವಾಗಿತ್ತು. ಕಾಲಾಂತರದಲ್ಲಿ ಪೆಟ್ಟಿಗೆ ಕಳೆದುಹೋಗಿ ಕಾರ್ಡೊಂದೇ ಉಳಿದರೆ ಅದರಲ್ಲಿ ದೂರವಾಣಿ ಕಿಂಡಿಯೇ ಕಾಣದು; ನೋಡಿದವರು ಅದು ಮೋಡೆಮ್ ಅಲ್ಲವೆಂದು ತೀರ್ಮಾನಿಸಬಹುದು. ತಾಮ್ರಶಾಸನದ ಹಲಗೆಗಳಲ್ಲಿ ಒಂದು ಮಾತ್ರ ದೊರೆತಾಗ ಉಳಿದವುಗಳಿಗಾಗಿ ಹುಡುಕುವಂತೆ ಇಲ್ಲಿಯೂ ಕೇಬಲ್ಲಿನ ಜಾಡನ್ನು ಹಿಡಿಯಬೇಕು. ಕಾರ್ಡು ದೊರೆತ ಮನೆಯಲ್ಲಿ, ಅದೇ ಪೆಟ್ಟಿಗೆಯಲ್ಲಿ ಇನ್ನೇನಿತ್ತು ಎಂಬ ವಿಚಾರಣೆ ಈ ಕಾರಣದಿಂದ ಅನಿವಾರ್ಯ.

ಕಾಲನಿರ್ಣಯ

ಕಾರ್ಡಿನ ಮೇಲೆ ಕಾಣುವ ಸಂಖ್ಯೆಗಳೆಲ್ಲ ಕಾಲವನ್ನು ಸೂಚಿಸುವುದಿಲ್ಲ. ‘94ವಿ-0’ ಎಂಬುದನ್ನು ಮಾದರಿಯ ಹೆಸರೆಂದೋ 1994ನೆಯ ಇಸವಿಯೆಂದೋ ಭಾವಿಸುವುದು ಸಾಮಾನ್ಯ ಪ್ರಮಾದ. ಅದು ಫಲಕವು ಬೆಂಕಿಗೆ ಎಷ್ಟು ನಿರೋಧಕ ಎಂಬುದನ್ನು ಸೂಚಿಸುವ ದರ್ಜೆ ಮಾತ್ರ. ಫಲಕದ ಮೇಲೆ ಮುದ್ರಿತವಾದ ಹಕ್ಕುಸ್ವಾಮ್ಯದ ವರ್ಷವು ವಿನ್ಯಾಸದ ಕಾಲವನ್ನು ಹೇಳುತ್ತದೆಯೇ ಹೊರತು ತಯಾರಿಕೆಯ ಕಾಲವನ್ನಲ್ಲ. ಒಂದೇ ವಿನ್ಯಾಸವು ಹಲವು ವರ್ಷ ತಯಾರಾಗಬಹುದು.

ಹೆಚ್ಚು ನಂಬಲರ್ಹವಾದ ಪ್ರಮಾಣವೆಂದರೆ ಚಿಪ್ಪುಗಳ ಬೆನ್ನಿನ ಮೇಲಿನ ನಾಲ್ಕು ಅಂಕಿಗಳ ದಿನಸಂಕೇತ. ‘8423’ ಎಂದಿದ್ದರೆ ಆ ಚಿಪ್ಪು 1984ರ 23ನೆಯ ವಾರದಲ್ಲಿ ತಯಾರಾಯಿತು ಎಂದರ್ಥ. ಫಲಕದ ಮೇಲಿನ ಇಂತಹ ಸಂಕೇತಗಳನ್ನೆಲ್ಲ ಪಟ್ಟಿಮಾಡಿದರೆ ಅವುಗಳಲ್ಲಿ ತೀರ ಈಚಿನದು ಕಾರ್ಡಿನ ಕಾಲದ ಪೂರ್ವಮಿತಿಯಾಗುತ್ತದೆ. ಕಾರ್ಡು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಬೆಸುಗೆ ಹಾಕಿದ ಚಿಪ್ಪಿಗೂ ಸಾಕೆಟ್ಟಿನಲ್ಲಿ ಕೂರಿಸಿದ ಚಿಪ್ಪಿಗೂ ಸಮಾನ ಬೆಲೆ ಕೊಡಲಾಗದು. ಸಾಕೆಟ್ಟಿನದನ್ನು ಯಾರು ಬೇಕಾದರೂ ಮುಂದೆ ಕಿತ್ತು ಬೇರೊಂದನ್ನು ಹಾಕಿರಬಹುದು. ಉಳಿದ ಚಿಪ್ಪುಗಳೆಲ್ಲ 1982ರವಾಗಿದ್ದು ಸಾಕೆಟ್ಟಿನದು ಮಾತ್ರ 1987ರದಾಗಿದ್ದರೆ ಅದನ್ನು ಪ್ರಕ್ಷೇಪವೆಂದು ಪರಿಗಣಿಸುವುದು ಸೂಕ್ತ. ಆ ಪ್ರಕ್ಷೇಪವೂ ನಿರರ್ಥಕವಲ್ಲ. ಕಾರ್ಡು 1987ರಲ್ಲಿ ಅಥವಾ ಅನಂತರವೂ ಬಳಕೆಯಲ್ಲಿತ್ತು, ಅದನ್ನು ದುರಸ್ತಿ ಮಾಡುವವರಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ತಯಾರಕರ ಹೆಸರಿನ ರೂಪವೂ ಕಾಲನಿರ್ಣಯಕ್ಕೆ ಒದಗಬಹುದು. ಆರಂಭದಲ್ಲಿ ಡಿ.ಸಿ. ಹೇಸ್ ಅಸೋಸಿಯೇಟ್ಸ್ ಎಂದಿದ್ದ ಸಂಸ್ಥೆಯು ಮುಂದೆ ಹೇಸ್ ಮೈಕ್ರೊಕಂಪ್ಯೂಟರ್ ಪ್ರಾಡಕ್ಟ್ಸ್ ಎಂದಾಯಿತು. ಹಳೆಯ ಹೆಸರನ್ನು ಹೊತ್ತ ಫಲಕವು ಆರಂಭದ ತಯಾರಿಕೆಗೆ ಸೇರಿದ್ದೆಂದು ಊಹಿಸಲು ಇದು ಆಧಾರವಾಗುತ್ತದೆ.

ಸ್ವರಗಳ ಭಾಷೆ

ಕೋಲಾರ ಸಂಪುಟದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳ ಶಾಸನಗಳಿವೆ. ಗಡಿಪ್ರದೇಶದ ಕಲ್ಲನ್ನು ಓದುವವರು ಮೊದಲು ಭಾಷೆಯನ್ನು ನಿರ್ಧರಿಸಬೇಕು. ಮೋಡೆಮ್ ಕಾರ್ಡಿನಲ್ಲಿಯೂ ಇಂತಹ ಪ್ರಶ್ನೆಯೇ ಮುಖ್ಯವಾದದ್ದು. ಅಮೆರಿಕದ ಬೆಲ್ 103 ಪದ್ಧತಿಯಲ್ಲಿ ಕರೆಮಾಡುವ ಗಣಕವು 1270 ಮತ್ತು 1070 ಹರ್ಟ್ಸ್ ಸ್ವರಗಳನ್ನೂ ಉತ್ತರಿಸುವ ಗಣಕವು 2225 ಮತ್ತು 2025 ಹರ್ಟ್ಸ್ ಸ್ವರಗಳನ್ನೂ ಬಳಸುತ್ತಿದ್ದವು. ಅಂತರರಾಷ್ಟ್ರೀಯ ಸಿಸಿಐಟಿಟಿ ಸಮಿತಿಯ ವಿ.21 ಪದ್ಧತಿಯಲ್ಲಿ ಇವು ಕ್ರಮವಾಗಿ 980 ಮತ್ತು 1180, 1650 ಮತ್ತು 1850 ಹರ್ಟ್ಸ್. ವೇಗ ಎರಡಕ್ಕೂ 300 ಬಿಟ್‌ಗಳೇ ಆದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯದು.

ಕಾರ್ಡು ಯಾವ ಪದ್ಧತಿಯದೆಂಬುದನ್ನು ಅದರ ಮುಖ್ಯ ಚಿಪ್ಪಿನಿಂದ ತಿಳಿಯಬಹುದು. ಮೊಟೊರೋಲದ ಎಂಸಿ6860 ಬೆಲ್ ಪದ್ಧತಿಯದು. ಅದೇ ಸಂಸ್ಥೆಯ ಎಂಸಿ14412 ಎರಡೂ ಪದ್ಧತಿಗಳನ್ನು ಬಲ್ಲದು. ಅದರ ಒಂದು ಕಾಲನ್ನು ಎಲ್ಲಿಗೆ ಜೋಡಿಸಿದೆ ಎಂಬುದರ ಮೇಲೆ ಆಯ್ಕೆ ನಿಂತಿದೆ. ಎಎಂಡಿ ಸಂಸ್ಥೆಯ ಎಎಂ7910 ಎಂಬುದು ಬೆಲ್ 103, ಬೆಲ್ 202, ವಿ.21, ವಿ.23 ಎಲ್ಲವನ್ನೂ ಒಳಗೊಂಡಿದೆ. ಚಿಪ್ಪಿನ ಹೆಸರು ಅಳಿಸಿಹೋಗಿದ್ದರೆ ಪಕ್ಕದಲ್ಲಿರುವ ಕ್ರಿಸ್ಟಲ್ಲಿನ ಮೇಲಿನ ಸಂಖ್ಯೆ ನೆರವಾಗುತ್ತದೆ. ಮೊಟೊರೋಲದ ಎರಡು ಚಿಪ್ಪುಗಳಿಗೂ 1 ಮೆಗಾಹರ್ಟ್ಸ್, ಎಎಂ7910ಕ್ಕೆ 2.4576 ಮೆಗಾಹರ್ಟ್ಸ್ ಬೇಕು. 3.579545 ಎಂಬ ಸಂಖ್ಯೆಯು ಸ್ವರದ ಮೂಲಕ ಡಯಲ್ ಮಾಡುವ ಚಿಪ್ಪಿನ ಸೂಚನೆಯಾಗಿರಬಹುದು. ಆದರೆ ಅಮೆರಿಕದ ಬಣ್ಣದ ದೂರದರ್ಶನಕ್ಕೂ ಅದೇ ಸಂಖ್ಯೆ ಬಳಕೆಯಲ್ಲಿದ್ದುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ.

ಕರ್ನಾಟಕದ ಸಂದರ್ಭದಲ್ಲಿ ಈ ವಿವೇಚನೆಗೆ ಹೆಚ್ಚಿನ ಮಹತ್ವವಿದೆ. ಬೆಲ್ ಪದ್ಧತಿಯ ಕಾರ್ಡೊಂದು ಇಲ್ಲಿ ದೊರೆತರೆ ಅದು ಇಲ್ಲಿ ಬಳಕೆಯಾಗಿತ್ತೆಂದು ಕೂಡಲೇ ಹೇಳಲಾಗದು. ತಂತಿಯು ಆ ಸ್ವರಗಳನ್ನು ತಡೆಯುತ್ತಿರಲಿಲ್ಲ. ಆದರೆ ಆಚೆಯ ತುದಿಯಲ್ಲಿಯೂ ಬೆಲ್ ಪದ್ಧತಿಯದೇ ಇನ್ನೊಂದು ಮೋಡೆಮ್ ಇರಬೇಕಾಗಿತ್ತು. ಆದುದರಿಂದ ಇಬ್ಬರು ಪರಿಚಿತರ ನಡುವಿನ ಬಳಕೆ, ಅಥವಾ ವಿದೇಶದಿಂದ ಗಣಕದೊಡನೆ ಬಂದು ಬಳಕೆಯಾಗದೆಯೇ ಉಳಿದದ್ದು, ಹೀಗೆ ಎರಡು ಸಾಧ್ಯತೆಗಳು ಏಳುತ್ತವೆ. ಡಯಲ್ ಮಾಡುವ ಕ್ರಮವೂ ಇಲ್ಲಿ ಪ್ರಸ್ತುತ. ಸ್ಟ್ರೌಜರ್ ಮಾದರಿಯ ಹಳೆಯ ವಿನಿಮಯ ಕೇಂದ್ರಗಳು ತಂತಿಯನ್ನು ಕಡಿದು ಕೂಡಿಸುವ ಪಲ್ಸ್‌ಗಳನ್ನು ಮಾತ್ರ ಗ್ರಹಿಸುತ್ತಿದ್ದವು. ರಿಲೇಯ ಮೂಲಕ ಪಲ್ಸ್ ನೀಡುತ್ತಿದ್ದ ಮೈಕ್ರೊಮೋಡೆಮ್ 2ರಂತಹ ಕಾರ್ಡಿಗೆ ಈ ದೃಷ್ಟಿಯಿಂದ ತೊಡಕಿರಲಿಲ್ಲ. ಸ್ವರದಿಂದ ಮಾತ್ರ ಡಯಲ್ ಮಾಡುವ ಉಪಕರಣ ಅಲ್ಲಿ ನಿರುಪಯುಕ್ತ. ಅಂಚಿನ ಪಟ್ಟಿಗಳ ಮೇಲಿನ ಗೀರುಗಳು, ಅಮೆರಿಕದ ಪ್ಲಗ್ಗನ್ನು ಕತ್ತರಿಸಿ ಗೋಡೆಯ ರೋಸೆಟ್ಟಿನ ತಿರುಪಿಗೆ ಬಿಗಿಯಲು ಸುಲಿದ ತಂತಿಯ ತುದಿ, ಬದಲಾಯಿಸಿದ ಜೋಡಣೆಗಳು ಇವೇ ಬಳಕೆಯ ಪ್ರತ್ಯಕ್ಷ ಪ್ರಮಾಣಗಳು. ಇಂತಹ ಗುರುತುಗಳನ್ನು ಕೊಳೆಯೆಂದು ಭಾವಿಸಿ ಉಜ್ಜಿ ತೆಗೆಯುವುದು ಆಕರವನ್ನೇ ಅಳಿಸಿದಂತೆ.

ಅದರ ಮೂಲಕ ಕನ್ನಡ ಬರಹ ಸಾಗಬಹುದಾಗಿತ್ತೆ ಎಂಬುದೂ ವಿಚಾರಾರ್ಹ. ಇಂಗ್ಲಿಷ್ ಅಕ್ಷರಗಳಿಗೆ 7 ಬಿಟ್‌ಗಳು ಸಾಕಾಗಿದ್ದವು. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತಕ್ಕೆ 8 ಬಿಟ್‌ಗಳು ಬೇಕು. 6850 ಚಿಪ್ಪನ್ನು 7ಕ್ಕೂ 8ಕ್ಕೂ ಹೊಂದಿಸಬಹುದಾಗಿದ್ದುದರಿಂದ ಯಂತ್ರದ ಅಡ್ಡಿ ಇರಲಿಲ್ಲ. ಅಡ್ಡಿಯಿದ್ದುದು ಎರಡೂ ತುದಿಗಳಲ್ಲಿ ಒಂದೇ ಸಂಕೇತವನ್ನು ಬಲ್ಲ ತಂತ್ರಾಂಶದ ಅಭಾವದಲ್ಲಿ.

ಒಳಗಿನ ಪಾಠ

ಆಪಲ್ 2 ಮೊದಲಾದ ಗಣಕಗಳ ಕಾರ್ಡುಗಳಲ್ಲಿ ಸ್ಥಿರಸ್ಮೃತಿಯ ಚಿಪ್ಪೊಂದು ಇರುವುದುಂಟು. ಕಾರ್ಡನ್ನು ನಡೆಸುವ ಸೂಚನೆಗಳು ಅದರಲ್ಲಿರುತ್ತವೆ. ಅವುಗಳ ನಡುವೆ ತಯಾರಕರ ಹೆಸರು, ಆವೃತ್ತಿ, ಪರದೆಯ ಮೇಲೆ ಮೂಡುವ ವಾಕ್ಯಗಳು ಅಕ್ಷರರೂಪದಲ್ಲಿ ದೊರೆಯಬಹುದು. ಇದನ್ನು ಓದುವ ಉಪಕರಣದಿಂದ ಪ್ರತಿಮಾಡಿಕೊಳ್ಳುವುದು ಶಾಸನದ ಪಡಿಯಚ್ಚು ತೆಗೆಯುವುದಕ್ಕೆ ಸಮಾನ. ಗಾಜಿನ ಕಿಟಕಿಯುಳ್ಳ 2716ರಂತಹ ಚಿಪ್ಪಾಗಿದ್ದರೆ ಅದರ ಮೇಲಿನ ಚೀಟಿಯನ್ನು ಕೀಳಬಾರದು. ನೇರಳಾತೀತ ಬೆಳಕಿಗೆ ಒಡ್ಡಿದರೆ ಅದರೊಳಗಿನ 2 ಕಿಲೋಬೈಟ್ ಪಾಠವೆಲ್ಲ ಅಳಿಸಿಹೋಗುತ್ತದೆ. ಕಾರ್ಡಿಗೆ ವಿದ್ಯುತ್ ಹಾಯಿಸಿ ಪರೀಕ್ಷಿಸುವ ಆತುರವೂ ಸಲ್ಲದು. ಛಾಯಾಚಿತ್ರ, ಅಳತೆ, ಪ್ರತಿ ಇವೆಲ್ಲ ಮುಗಿದ ಮೇಲೆ ಅದರ ಸರದಿ.

ಒಳಗಿನ ಪಾಠವೂ ಅಂತಿಮ ಪ್ರಮಾಣವಲ್ಲ. ಗಂಗರ ತಾಮ್ರಶಾಸನಗಳಲ್ಲಿ ಅನೇಕವನ್ನು ಜೆ.ಎಫ್. ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದ್ದೂ, ರೈಸ್ ಅವರು ಅವುಗಳನ್ನು ಸಮರ್ಥಿಸಿದ್ದೂ ಸಂಶೋಧಕರಿಗೆ ತಿಳಿದ ವಿಷಯ. ಆ ಚರ್ಚೆಯಿಂದ ಕಲಿತ ಪಾಠ ಇಲ್ಲಿಯೂ ಅನ್ವಯಿಸುತ್ತದೆ. ಜನಪ್ರಿಯ ಕಾರ್ಡುಗಳನ್ನು ಅನುಕರಿಸಿ ಹೆಸರಿಲ್ಲದ ಕಾರ್ಡುಗಳನ್ನು ತಯಾರಿಸಿದಾಗ ಒಳಗಿನ ಸೂಚನೆಗಳನ್ನು ಇದ್ದಂತೆಯೇ ಪ್ರತಿಮಾಡಿರಬಹುದು. ಆಗ ಚಿಪ್ಪಿನೊಳಗೆ ಒಬ್ಬ ತಯಾರಕರ ಹೆಸರಿದ್ದು ಫಲಕವು ಇನ್ನೊಬ್ಬರದಾಗಿರುತ್ತದೆ. ಹೆಸರು, ಫಲಕ, ದಿನಸಂಕೇತ, ಒಳಪಾಠ ಈ ನಾಲ್ಕೂ ಒಂದನ್ನೊಂದು ಪುಷ್ಟೀಕರಿಸಿದಾಗ ಮಾತ್ರ ಗುರುತಿಸುವಿಕೆ ಪೂರ್ಣವಾಯಿತೆನ್ನಬಹುದು. ಅನುಕರಣೆಯೆಂದು ಸಿದ್ಧವಾದರೆ ಅದನ್ನು ಕೀಳಾಗಿ ಕಾಣಬೇಕಾಗಿಯೂ ಇಲ್ಲ. ಕೂಟಶಾಸನವು ತನ್ನನ್ನು ಬರೆದ ಕಾಲಕ್ಕೆ ಸಾಕ್ಷಿಯಾಗುವಂತೆ ಅನುಕರಣೆಯ ಕಾರ್ಡು ತನ್ನ ಕಾಲದ ಬೇಡಿಕೆಗೆ ಸಾಕ್ಷಿಯಾಗುತ್ತದೆ.

ದೊರೆತ ಸ್ಥಳ ಮತ್ತು ರಕ್ಷಣೆ

ಮೇಲಿನ ಕ್ರಮದಿಂದ ಕಾರ್ಡಿನ ಹೆಸರು ಮತ್ತು ಕಾಲ ತಿಳಿಯಬಹುದು. ಅದು ಇಲ್ಲಿಯ ಇತಿಹಾಸವಾಗಬೇಕಾದರೆ ದೊರೆತ ಸ್ಥಳ ತಿಳಿಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಗೆ ಬಂದು ಸೇರಿದ ಕಾರ್ಡಿಗೂ, ಒಂದು ಹೋಬಳಿಯ ಮನೆಯ ಅಟ್ಟದಲ್ಲಿ ಅದರ ಗಣಕ, ಕೇಬಲ್ಲು, ಕೈಪಿಡಿ, ದೂರವಾಣಿ ಬಿಲ್ಲುಗಳೊಡನೆ ದೊರೆತ ಕಾರ್ಡಿಗೂ ಆಕರವಾಗಿ ಅಜಗಜಾಂತರವಿದೆ. ಮೊದಲನೆಯದು ಮಾದರಿಯೊಂದರ ನಮೂನೆ ಮಾತ್ರ. ಎರಡನೆಯದು ಒಂದು ಊರಿನ ಸಂಪರ್ಕದ ದಾಖಲೆ. ಸಾದಲಿಯಂತಹ ಹೋಬಳಿ ಕೇಂದ್ರಗಳ ಮಟ್ಟಕ್ಕೆ ಸರ್ಕಾರಿ ಗಣಕ ಸೇವೆಯು ವ್ಯಾಪಕವಾಗಿ ತಲುಪಿದ್ದು 2006ರಲ್ಲಿ ಆರಂಭವಾದ ನೆಮ್ಮದಿ ಕೇಂದ್ರಗಳ ಮೂಲಕ. ಅದಕ್ಕೆ ಮುನ್ನ ಈ ಭಾಗದ ಯಾವುದೇ ಮನೆಯಲ್ಲಿ ಮೋಡೆಮ್ ಇದ್ದುದಾದರೆ ಅದನ್ನು ತಿಳಿಸಬಲ್ಲದ್ದು ಸರ್ಕಾರಿ ಕಡತವಲ್ಲ, ಆ ವಸ್ತು ಮತ್ತು ಅದನ್ನು ಬಳಸಿದವರ ನೆನಪು.

ಇಂತಹ ವಸ್ತುವಿಗೆ ಕಾನೂನಿನ ರಕ್ಷಣೆಯೂ ಇಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ಪುರಾವಸ್ತುವೆನಿಸಲು ಸಾಮಾನ್ಯವಾಗಿ 100 ವರ್ಷ, ಹಸ್ತಪ್ರತಿಯಾದರೆ 75 ವರ್ಷ ತುಂಬಿರಬೇಕು. 1979ರ ಕಾರ್ಡು ಈ ಅರ್ಹತೆ ಪಡೆಯುವುದು 2079ರಲ್ಲಿ. ಇನ್ನೊಂದೆಡೆ 2012ರಿಂದ ಜಾರಿಗೆ ಬಂದು ಮುಂದೆ ಪರಿಷ್ಕೃತವಾದ ಇ-ತ್ಯಾಜ್ಯ ನಿಯಮಗಳು ತ್ಯಜಿಸಿದ ವಿದ್ಯುನ್ಮಾನ ವಸ್ತುಗಳನ್ನು ಮರುಸಂಸ್ಕರಣೆಗೆ ಕಳುಹಿಸುವಂತೆ ವಿಧಿಸುತ್ತವೆ. ಪರಿಸರದ ದೃಷ್ಟಿಯಿಂದ ಇದು ಸರಿಯೇ. ಆದರೆ ಹಳೆಯ ಕಾರ್ಡುಗಳನ್ನು ಒಡೆಯುವವರು ಮೊದಲು ಕತ್ತರಿಸಿ ತೆಗೆಯುವುದು ಚಿನ್ನದ ಲೇಪವಿರುವ ಅಂಚಿನ ಪಟ್ಟಿಗಳನ್ನು. ಅದು ಯಾವ ಗಣಕಕ್ಕೆ ಸೇರಿದ್ದೆಂದು ಹೇಳುವ ಪ್ರಥಮ ಪ್ರಮಾಣವೂ ಆ ಅಂಚೇ ಆಗಿದೆ. ಹೀಗೆ ನಾಶವು ಆರಂಭವಾಗುವುದೇ ಗುರುತಿಸುವಿಕೆ ಆರಂಭವಾಗಬೇಕಾದ ಸ್ಥಳದಿಂದ.

ಈ ಹಿನ್ನೆಲೆಯಲ್ಲಿ ಜಿಲ್ಲಾ ವಸ್ತುಸಂಗ್ರಹಾಲಯಗಳೂ ಗ್ರಂಥಾಲಯಗಳೂ ಇತಿಹಾಸ ವಿಭಾಗಗಳೂ ಕೈಗೊಳ್ಳಬಹುದಾದ ಕೆಲಸ ಸರಳವಾದದ್ದು. ಕಾರ್ಡಿನ ಎರಡೂ ಬದಿಯ ಛಾಯಾಚಿತ್ರ, ಅಂಚಿನ ಪಟ್ಟಿಗಳ ಸಂಖ್ಯೆ, ಎಲ್ಲ ಚಿಪ್ಪುಗಳ ಹೆಸರು ಮತ್ತು ದಿನಸಂಕೇತ, ಕ್ರಿಸ್ಟಲ್ಲಿನ ಆವರ್ತನ, ಸ್ಥಿರಸ್ಮೃತಿಯ ಪ್ರತಿ, ಜೊತೆಗೆ ದೊರೆತ ವಸ್ತುಗಳು, ದೊರೆತ ಊರು ಮತ್ತು ದಿನ, ಬಳಸಿದವರು ಒಪ್ಪಿದರೆ ಅವರ ಹೇಳಿಕೆ ಇಷ್ಟನ್ನು ಒಂದು ಹಾಳೆಯಲ್ಲಿ ದಾಖಲಿಸಿದರೆ ವಸ್ತು ಮುಂದೆ ಉಳಿಯದಿದ್ದರೂ ಅದರ ಸಾಕ್ಷ್ಯ ಉಳಿಯುತ್ತದೆ. ನಾಡಿನ ಎಷ್ಟೋ ಶಾಸನಶಿಲೆಗಳು ಕಟ್ಟಡದ ಕಲ್ಲಾಗಿ, ಕೆರೆಯ ಏರಿಯಾಗಿ ಕಣ್ಮರೆಯಾಗಿವೆ. ಪಾಠವನ್ನೂ ಊರಿನ ಹೆಸರನ್ನೂ ಸಕಾಲದಲ್ಲಿ ಬರೆದಿಟ್ಟವುಗಳು ಮಾತ್ರ ಇತಿಹಾಸಕ್ಕೆ ದಕ್ಕಿವೆ. ಯಂತ್ರಾವಶೇಷಗಳ ವಿಷಯದಲ್ಲಿ ಆ ಸಕಾಲವು ಅವುಗಳನ್ನು ಬಳಸಿದ ತಲೆಮಾರು ಇನ್ನೂ ನಮ್ಮ ನಡುವೆ ಇರುವ ಈ ಕಾಲವೇ ಆಗಿದೆ.